ಗೃಹಲಕ್ಷ್ಮಿ ಷರತ್ತಿನಿಂದ ಜಿಎಸ್‌ಟಿ ನೋಂದಣಿ ಹಿಂಜರಿಯುತ್ತದೆಯೇ? ಬಳ್ಳಾರಿ ಜೀನ್ಸ್ ಯುನಿಟ್‌ಗಳಲ್ಲಿ ಅಳೆಯುವುದು ಹೇಗೆ?

ಹೊಲಿಗೆ_ಲೆಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂ.ಎ. ಅರ್ಥಶಾಸ್ತ್ರದ ಕಿರುಪ್ರಬಂಧಕ್ಕೆ ಹಿಡಿದ ವಿಷಯ ಇದು. ಗೃಹಲಕ್ಷ್ಮಿಯಲ್ಲಿ ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಬರುವುದಿಲ್ಲ. ಹಾಗಿದ್ದ ಮೇಲೆ ಸಣ್ಣ ಜೀನ್ಸ್ ಯುನಿಟ್ ನಡೆಸುವವರು ನೋಂದಣಿಯಿಂದ ದೂರ ಉಳಿಯಲು ಇದೂ ಒಂದು ಕಾರಣ ಆಗಿರಬಹುದಲ್ಲವೇ ಎಂಬುದು ನನ್ನ ಪ್ರಶ್ನೆ.

ಈಗಿನ ಯೋಜನೆ: ಕೌಲ್‌ಬಜಾರ್ ಮತ್ತು ಸುತ್ತಲಿನ 200 ಯುನಿಟ್‌ಗಳ ವಾರ್ಷಿಕ ವಹಿವಾಟು ಕೇಳುವುದು, ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ 40 ಲಕ್ಷದ ಗಡಿಯ ಕೆಳಗೆ ಗುಡ್ಡೆ ಬಿದ್ದಿದೆಯೇ (ಗಡಿ ದಾಟದೆ ಅಲ್ಲೇ ಬಹಳ ಮಂದಿ ನಿಂತಿದ್ದಾರೆಯೇ) ನೋಡುವುದು, ಆಂಧ್ರದ ರಾಯದುರ್ಗದ ಯುನಿಟ್‌ಗಳ ಜೊತೆ ಹೋಲಿಸುವುದು. ಗೈಡ್ ಒಂದೇ ಮಾತು ಕೇಳಿದರು: "ಗುಡ್ಡೆ ಕಂಡರೂ ಅದು ಗೃಹಲಕ್ಷ್ಮಿಯಿಂದಲೇ ಬಿತ್ತು ಅಂತ ಹೇಗೆ ಹೇಳ್ತೀರಿ? ತೆರಿಗೆ ತಪ್ಪಿಸಲೂ ಬೀಳಬಹುದಲ್ಲ?" ಉತ್ತರ ಹೊಳೆಯುತ್ತಿಲ್ಲ. ತೆರಿಗೆ ಬಲ್ಲವರು, ಸರ್ವೆ ಬಲ್ಲವರು ತಿದ್ದಿ ಕೊಡಬೇಕೆಂದು ವಿನಂತಿ.

ಚಲನ್_ಪುಸ್ತಕ

ಮೇಡಂ, ಮೊದಲು ಗಡಿಯನ್ನೇ ಸರಿ ಮಾಡಿಕೊಳ್ಳೋಣ. 40 ಲಕ್ಷ ಅನ್ನೋದು ಸರಕು ಮಾರುವವರಿಗೆ, ಅದೂ 2019ರ ಏಪ್ರಿಲ್ 1ರಿಂದ. ಬಳ್ಳಾರಿಯ ಹೆಚ್ಚಿನ ಸಣ್ಣ ಯುನಿಟ್‌ಗಳು ಪ್ಯಾಂಟ್ ಮಾರುವುದಿಲ್ಲ. ಮೇಕರ್ (ಪ್ಯಾಂಟ್ ಮಾಡಿಸಿ ಮಾರುವವನು) ಕತ್ತರಿಸಿ ಕೊಟ್ಟ ಬಟ್ಟೆಯನ್ನು ಹೊಲಿದೋ, ಕಾಜಾ-ಬಟನ್ ಹಾಕಿಯೋ, ವಾಶಿಂಗ್ ಮಾಡಿಯೋ ವಾಪಸ್ ಕೊಡುತ್ತಾರೆ. ಬಟ್ಟೆ ಅವರದಲ್ಲ, ದುಡಿಮೆ ಮಾತ್ರ ಅವರದು. ಇದು ಜಾಬ್‌ವರ್ಕ್, ಕಾನೂನಿನ ಕಣ್ಣಲ್ಲಿ ಸೇವೆ. ಸೇವೆಗೆ ಗಡಿ 20 ಲಕ್ಷ.

ಗಡಿಗೆ ಲೆಕ್ಕ ಹಿಡಿಯಬೇಕಾದದ್ದು ಹೊಲಿಗೆ ಕೂಲಿಯ ಬಿಲ್ ಮೊತ್ತ ಮಾತ್ರ, ಪ್ಯಾಂಟಿನ ಬೆಲೆ ಅಲ್ಲ. ಪೀಸಿಗೆ 60 ರೂಪಾಯಿ, ದಿನಕ್ಕೆ 110 ಪೀಸ್, ವರ್ಷಕ್ಕೆ 300 ದಿನ ಎಂದಿಟ್ಟುಕೊಂಡರೆ 19,80,000 ರೂಪಾಯಿ. ಅಂದರೆ ಇಷ್ಟು ಸಣ್ಣ ಯುನಿಟ್ ಕೂಡ ಗಡಿಯ ಅಂಚಿಗೇ ಬಂದು ನಿಂತಿರುತ್ತದೆ. ನೀವು 40 ಲಕ್ಷದ ಹತ್ತಿರ ಹುಡುಕಿದರೆ ತಪ್ಪು ಜಾಗದಲ್ಲಿ ಹುಡುಕಿದಂತೆ.

ಇನ್ನು ಸ್ವಂತ ಬ್ರ್ಯಾಂಡ್ ಹಾಕಿ ಹೊರರಾಜ್ಯಕ್ಕೆ ಮಾರುವ ಮೇಕರ್‌ಗಳನ್ನು ಸ್ಯಾಂಪಲ್‌ನಿಂದ ತೆಗೆದುಬಿಡಿ. ಸರಕನ್ನು ರಾಜ್ಯದ ಗಡಿ ದಾಟಿಸಿ ಮಾರಿದರೆ ಜಿಎಸ್‌ಟಿ ಕಾಯ್ದೆಯ ಕಲಂ 24ರ ಪ್ರಕಾರ ವಹಿವಾಟು ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ಅವರ ಮುಂದೆ ಆಯ್ಕೆಯೇ ಇಲ್ಲ, ಆಯ್ಕೆ ಇಲ್ಲದವರಿಂದ ಹಿಂಜರಿಕೆ ಅಳೆಯಲು ಬರುವುದಿಲ್ಲ. ಜಾಬ್‌ವರ್ಕ್‌ಗೆ ಈ ತೊಡಕಿಲ್ಲ, ಮೇಕರ್ ಹೊರರಾಜ್ಯದವನಾಗಿದ್ದರೂ 20 ಲಕ್ಷದವರೆಗೆ ನೋಂದಣಿ ಬೇಡ.

ಗಂಗಾವತಿ, ಸಿಂಧನೂರು ಕಡೆಯ ಭತ್ತದ ವ್ಯಾಪಾರಿಗಳನ್ನು ಸೇರಿಸಿ ಸ್ಯಾಂಪಲ್ ದೊಡ್ಡದು ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಭತ್ತ ಕರಮುಕ್ತ. ಬರೀ ಕರಮುಕ್ತ ಸರಕು ಮಾರುವವರು ಕಲಂ 23ರಡಿ ನೋಂದಣಿಯಿಂದಲೇ ಹೊರಗೆ. 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಮಾತ್ರ 2022ರ ಜುಲೈ 18ರಿಂದ ಶೇ 5 ಬಂದಿದೆ. ಆ ಕಥೆಯೇ ಬೇರೆ.

ಆದಾಯ ತೆರಿಗೆಯ ಷರತ್ತು ಈ ಗಾತ್ರದವರಿಗೆ ತಾಗುವುದಿಲ್ಲ. 20 ಲಕ್ಷ ವಹಿವಾಟಿನಲ್ಲಿ ಮಾಲೀಕನಿಗೆ 5 ಲಕ್ಷ ಉಳಿದರೂ ಹೊಸ ಪದ್ಧತಿಯಲ್ಲಿ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಆದರೆ ಸಾಲಕ್ಕಾಗಿ ಐಟಿಆರ್ (ಆದಾಯ ತೆರಿಗೆ ರಿಟರ್ನ್) ಹಾಕಿದವರು ಇರುತ್ತಾರೆ. ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಪ್ರಶ್ನಾವಳಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ.

ತುಂಗಭದ್ರಾ_ದಂಡೆ

ಮೇಲಿನವರು ಹೇಳಿದ ಜಾಬ್‌ವರ್ಕ್ ವಿಷಯವೇ ನಿಮ್ಮ ಗೈಡ್ ಪ್ರಶ್ನೆಗೆ ಅರ್ಧ ಉತ್ತರ. ಲೆಕ್ಕ ಮಾಡಿ ನೋಡೋಣ.

ಮೊದಲು ಸರಕು ಮಾರುವ, ಕಾಂಪೊಸಿಷನ್ (ಸಣ್ಣವರಿಗಿರುವ ಸರಳ ತೆರಿಗೆ ಪದ್ಧತಿ) ತೆಗೆದುಕೊಳ್ಳುವ ಸಣ್ಣ ತಯಾರಕ. ಗಡಿ 40 ಲಕ್ಷ, ತೆರಿಗೆ ಇಡೀ ವಹಿವಾಟಿನ ಮೇಲೆ ಶೇ 1, ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಲಾಭ ಶೇ 8 ಎಂದುಕೊಳ್ಳಿ. 40 ಲಕ್ಷದಲ್ಲಿ ಉಳಿಯುವುದು 3,20,000. ನೋಂದಣಿ ಆದ ಮೇಲೆ ಲಾಭ ಶೇ 7. ಅದೇ 3,20,000 ಉಳಿಯಬೇಕಾದರೆ ವಹಿವಾಟು 45.71 ಲಕ್ಷ ಮುಟ್ಟಬೇಕು. ಇದರ ಮೇಲೆ ಗೃಹಲಕ್ಷ್ಮಿಯ ವರ್ಷದ 24,000 ಹೋದರೆ 49.14 ಲಕ್ಷ ಮುಟ್ಟಬೇಕು. 40ರಿಂದ ಅಲ್ಲಿಯವರೆಗೆ ಬೆಳೆದರೂ ನಷ್ಟವೇ. ಸಾರ್ವಜನಿಕ ಹಣಕಾಸಿನ ಭಾಷೆಯಲ್ಲಿ ಇದಕ್ಕೆ ನಾಚ್ ಅನ್ನುತ್ತಾರೆ. ದರ ಮೆಲ್ಲಗೆ ಏರುವ ಇಳಿಜಾರಲ್ಲ, ಒಮ್ಮೆಗೇ ಕುಸಿಯುವ ಮೆಟ್ಟಿಲು. ಪಾಕಿಸ್ತಾನದ ಆದಾಯ ತೆರಿಗೆಯ ಇಂಥ ಮೆಟ್ಟಿಲುಗಳ ಮೇಲೆ ಕ್ಲೆವೆನ್ ಮತ್ತು ವಸೀಮ್ 2013ರಲ್ಲಿ ಮಾಡಿದ ಕೆಲಸವನ್ನು ನೀವು ಓದಲೇಬೇಕು. ಮೆಟ್ಟಿಲಿನ ಮೇಲಿನ ನಷ್ಟದ ವ್ಯಾಪ್ತಿಯಲ್ಲೂ ಜನ ಯಾಕೆ ಉಳಿದಿರುತ್ತಾರೆ, ಅದರಿಂದ ಏನು ತಿಳಿಯುತ್ತದೆ ಎಂಬುದು ಅಲ್ಲಿದೆ.

ಈ ತಯಾರಕನಲ್ಲಿ ತೆರಿಗೆ ಮತ್ತು ಗೃಹಲಕ್ಷ್ಮಿ ಒಂದೇ ಗಡಿಯಲ್ಲಿ ಬೆರೆತು ಹೋಗಿವೆ. ನಿಮ್ಮ ಗೈಡ್ ಕೇಳಿದ್ದು ಅದನ್ನೇ.

ಈಗ ಜಾಬ್‌ವರ್ಕ್ ನೋಡಿ. ಬಟ್ಟೆ ಹೊಲಿಗೆಯ ಜಾಬ್‌ವರ್ಕ್‌ಗೆ ಶೇ 5. ನೋಂದಾಯಿತ ಮೇಕರ್‌ಗೆ ಬಿಲ್ ಹಾಕಿದರೆ ಆ ಶೇ 5 ಮೇಕರ್‌ಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ಅವನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಹೋಗುತ್ತದೆ. ಹೊಲಿಯುವವನ ಜೇಬಿನಿಂದ ತೆರಿಗೆ ಹೋಗುವುದೇ ಇಲ್ಲ. ರಿಟರ್ನ್ ಹಾಕಿಸುವ ಖರ್ಚು ಬಿಟ್ಟರೆ ಅವನ ಮನೆಗೆ ಬೀಳುವ ನಷ್ಟ ಹೆಂಡತಿಯ 24,000 ಒಂದೇ. ಅಂದರೆ ತೆರಿಗೆಯ ಪರಿಣಾಮ ಇಲ್ಲಿ ಬಹುಪಾಲು ತಾನಾಗಿಯೇ ಕಳಚಿಕೊಂಡಿದೆ. ಬ್ರಿಟನ್ನಿನ ವ್ಯಾಟ್ ಮೇಲೆ ಲಿಯು, ಲಾಕ್‌ವುಡ್ ಮತ್ತಿತರರ ಅಧ್ಯಯನದಲ್ಲೂ ಹೀಗೇ ಕಂಡಿತು: ನೇರ ಗ್ರಾಹಕರಿಗಿಂತ ಬೇರೆ ಉದ್ದಿಮೆಗಳಿಗೆ ಹೆಚ್ಚು ಮಾರುವವರು ಗಡಿಯ ಕೆಳಗಿದ್ದರೂ ತಾವಾಗಿಯೇ ನೋಂದಣಿ ಮಾಡಿಸುತ್ತಾರೆ.

ಆದರೆ ಒಂದು ತೊಂದರೆ ಇದೆ. ಮಾಲೀಕನಿಗೆ ಶೇ 25 ಉಳಿಯುತ್ತದೆ ಎಂದುಕೊಂಡರೆ 24,000 ಸರಿದೂಗಿಸಲು 96,000 ರೂಪಾಯಿಯ ಹೆಚ್ಚಿನ ಕೆಲಸ ಸಾಕು. ನಷ್ಟದ ವ್ಯಾಪ್ತಿ 20 ಲಕ್ಷದಿಂದ 20.96 ಲಕ್ಷದವರೆಗೆ ಮಾತ್ರ. ಇಷ್ಟು ಕಿರಿದಾದ ವ್ಯಾಪ್ತಿಯಲ್ಲಿ ಗುಡ್ಡೆ ಹುಡುಕಬೇಕಾದರೆ ರಿಟರ್ನ್‌ನಲ್ಲಿರುವಂಥ ಬಿಡಿ ಬಿಡಿ ಅಂಕಿ ಬೇಕು, ಅದೂ ಸಾವಿರಾರು ಯುನಿಟ್‌ಗಳದ್ದು. ಬಾಯಿಮಾತಿನ ಸರ್ವೆಯಲ್ಲಿ ಎಲ್ಲರೂ "ಹದಿನೈದು", "ಹದಿನೆಂಟು", "ಇಪ್ಪತ್ತು ಲಕ್ಷ" ಅಂತ ದುಂಡಗೆ ಹೇಳುತ್ತಾರೆ. 20ರ ಮೇಲೆ ಗುಡ್ಡೆ ಕಂಡೇ ಕಾಣುತ್ತದೆ, ಅದು ದುಂಡು ಸಂಖ್ಯೆಯ ಗುಡ್ಡೆ, ತೆರಿಗೆಯದ್ದಲ್ಲ. ಹಾಗಾಗಿ ಗುಡ್ಡೆಯ ವಿಧಾನ ಬಿಡಿ ಅಂತ ನನ್ನ ಸ್ಪಷ್ಟ ಸಲಹೆ.

ಬದಲಿಗೆ ರೇಷನ್ ಕಾರ್ಡ್ ತೆಗೆದು ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯ ಕಲಂ 13ರಂತೆ ಮನೆಯಲ್ಲಿ 18 ತುಂಬಿದ ಹೆಂಗಸರ ಪೈಕಿ ಹಿರಿಯಳೇ ಕಾರ್ಡಿನ ಯಜಮಾನಿ. ಗೃಹಲಕ್ಷ್ಮಿಯ ಷರತ್ತು ಇರುವುದು ಯಜಮಾನಿ ಮತ್ತು ಆಕೆಯ ಗಂಡನ ಮೇಲೆ. ಈಗ ಒಂದೇ ಓಣಿಯ ಎರಡು ಯುನಿಟ್ ನೋಡಿ. ಒಂದರ ಮಾಲೀಕ ಗಂಡ-ಹೆಂಡತಿ-ಮಕ್ಕಳ ಮನೆಯವನು, ಕಾರ್ಡಿನಲ್ಲಿ ಯಜಮಾನಿ ಅವನ ಹೆಂಡತಿ. ಅವನು ಜಿಎಸ್‌ಟಿ ಮಾಡಿಸಿದರೆ 24,000 ಹೋಗುತ್ತದೆ. ಇನ್ನೊಬ್ಬನ ಮನೆಯಲ್ಲಿ ತಾಯಿ ಇದ್ದಾಳೆ, ಯಜಮಾನಿ ಆಕೆ. ಮಗ ನೋಂದಣಿ ಮಾಡಿಸಿದರೂ ತಾಯಿಯ ಹಣ ನಿಲ್ಲಬೇಕಾಗಿಲ್ಲ. ಕಸುಬು ಒಂದೇ, ಗಡಿ ಒಂದೇ, ತೆರಿಗೆ ಒಂದೇ. ಬೇರೆ ಇರುವುದು ಕಾರ್ಡಿನ ಮೊದಲ ಸಾಲಿನ ಹೆಸರು. ಈ ಎರಡು ಗುಂಪಿನ ನೋಂದಣಿ ಪ್ರಮಾಣ 2023ರ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ವ್ಯತ್ಯಾಸಗಳ ವ್ಯತ್ಯಾಸವೇ ನಿಮ್ಮ ಉತ್ತರ.

ರಾಯದುರ್ಗ ಬೇಡ. ಆಂಧ್ರದ ನೆರವಿನ ಯೋಜನೆಗಳೂ ಅವುಗಳ ಷರತ್ತುಗಳೂ ಬೇರೆ, 2024ರ ಜೂನ್‌ನಲ್ಲಿ ಸರ್ಕಾರ ಬದಲಾಗಿ ಅವುಗಳ ಸ್ವರೂಪವೂ ಬದಲಾಯಿತು. ಅದನ್ನು ಹೋಲಿಕೆಗೆ ಇಟ್ಟರೆ ಎರಡೂ ಕಡೆ ಅಲುಗಾಡುವ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ.

ಹೊಲಿಗೆ_ಲೆಕ್ಕ

ಇಬ್ಬರಿಗೂ ಧನ್ಯವಾದ. ತಾಯಿ-ಯಜಮಾನಿ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಎರಡು ಅನುಮಾನ. ಜಿಎಸ್‌ಟಿ ಆದರೆ ಬಿಪಿಎಲ್ ಕಾರ್ಡೇ ಹೋಗುತ್ತದೆ ಎಂಬ ಭಯವೂ ಇರುತ್ತದಲ್ಲ, ಅದನ್ನು ಹೇಗೆ ಬೇರ್ಪಡಿಸುವುದು? ಮತ್ತೆ, ನೋಂದಣಿ ಯಾವಾಗ ಆಯಿತು ಎಂದು ಕೇಳಿದರೆ ಜನ ಸರಿಯಾಗಿ ಹೇಳದೆ ಹೋದರೆ?

ಚಲನ್_ಪುಸ್ತಕ

ಎರಡನೆಯದಕ್ಕೆ ನಾನು ಹೇಳುತ್ತೇನೆ. ದಿನಾಂಕವನ್ನು ಬಾಯಿಂದ ಕೇಳಬೇಡಿ. ನೋಂದಾಯಿತರು ತಮ್ಮ ಜಾಗದ ಪ್ರವೇಶದ ಬಳಿ ಬೋರ್ಡಿನಲ್ಲಿ ಜಿಎಸ್‌ಟಿ ನಂಬರ್ ಬರೆಯಿಸಬೇಕೆಂದು ನಿಯಮ 18 ಇದೆ. 15 ಅಕ್ಷರ-ಅಂಕಿಗಳ ಆ ನಂಬರಿನ ಮೊದಲ ಎರಡು 29, ಅದು ಕರ್ನಾಟಕ. ಮುಂದಿನ ಹತ್ತು ಪ್ಯಾನ್. ನೀವು ಕಣ್ಣಿಡಬೇಕಾದದ್ದು ಆರನೆಯ ಸ್ಥಾನ: ಅಲ್ಲಿ 'ಪಿ' ಇದ್ದರೆ ವ್ಯಕ್ತಿಯ ಹೆಸರಿನ ನೋಂದಣಿ, 'ಎಫ್' ಇದ್ದರೆ ಪಾಲುದಾರಿಕೆ ಸಂಸ್ಥೆ. ಪಾಲುದಾರಿಕೆಯಲ್ಲಿ ರಿಟರ್ನ್ ಹೋಗುವುದು ಸಂಸ್ಥೆಯ ಪ್ಯಾನ್ ಮೇಲೆ, ಗಂಡನ ಪ್ಯಾನ್ ಮೇಲಲ್ಲ. ಅಂಥವರನ್ನು ಬೇರೆ ಗುಂಪಾಗಿ ಇಡಿ. 2023ರ ನಂತರ 'ಪಿ' ಕಡಿಮೆಯಾಗಿ 'ಎಫ್' ಹೆಚ್ಚಾಗಿದ್ದರೆ ಅದೇ ಒಂದು ಫಲಿತಾಂಶ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನಂಬರ್ ಹಾಕಿ ಹುಡುಕಬಹುದು. ನೋಂದಣಿ ಜಾರಿಯಾದ ದಿನಾಂಕ, ರೆಗ್ಯುಲರ್ ಅಥವಾ ಕಾಂಪೊಸಿಷನ್, ಈಗಿನ ಸ್ಥಿತಿ, ರಿಟರ್ನ್ ಸಲ್ಲಿಸಿದ ದಿನಗಳು ಎಲ್ಲ ಕಾಣುತ್ತವೆ. ವಹಿವಾಟಿನ ನಿಖರ ಮೊತ್ತ ಕಾಣುವುದಿಲ್ಲ.

ರದ್ದಾದ ನೋಂದಣಿಯಲ್ಲಿ ಎರಡು ಬಗೆ ತೋರಿಸುತ್ತದೆ: ತೆರಿಗೆದಾರರ ಅರ್ಜಿಯ ಮೇಲೆ ರದ್ದು, ಅಧಿಕಾರಿ ತಾವಾಗಿಯೇ ಮಾಡಿದ ರದ್ದು. ಎರಡನ್ನೂ ಕೂಡಿಸಿದರೆ ಅಧ್ಯಯನ ಹಾಳು. ತಿಂಗಳುಗಟ್ಟಲೆ ರಿಟರ್ನ್ ಹಾಕದೆ ಬಿಟ್ಟ ಮುಚ್ಚಿದ ಯುನಿಟ್‌ಗಳು ಎರಡನೆಯದರಲ್ಲಿ ಬೀಳುತ್ತವೆ. ಗೃಹಲಕ್ಷ್ಮಿಗಾಗಿ ಬೇಕೆಂದೇ ರದ್ದು ಮಾಡಿಸಿದವರು ಇದ್ದರೆ ಆರ್‌ಇಜಿ-16 ಅರ್ಜಿ ಹಾಕಿದ ಮೊದಲನೆಯ ಗುಂಪಿನಲ್ಲಿ ಇರುತ್ತಾರೆ. ಸ್ವಂತ ಅರ್ಜಿಯ ಮೇಲಿನ ರದ್ದು 2023ರ ಜೂನ್ ನಂತರ ಏರಿತೇ ಎಂಬುದನ್ನೇ ಪ್ರತ್ಯೇಕ ಕೋಷ್ಟಕ ಮಾಡಿ.

ಇನ್ನೊಂದು ಒಳಖರ್ಚು ಬಿಟ್ಟುಹೋಗುತ್ತದೆ. ಮನೆಯ ಮುಂದಿನ ಕೋಣೆಯಲ್ಲೇ ಮಷೀನ್ ಹಾಕಿದವರು ವ್ಯವಹಾರದ ಸ್ಥಳಕ್ಕೆ ದಾಖಲೆಯಾಗಿ ಮನೆಯ ಕರೆಂಟ್ ಬಿಲ್ ಕೊಡಬೇಕಾಗುತ್ತದೆ. ಗೃಹಜ್ಯೋತಿಯ ಉಚಿತ ವಿದ್ಯುತ್ ಮನೆಬಳಕೆಯ ಮೀಟರಿಗೆ ಮಾತ್ರ, ತಿಂಗಳಿಗೆ 200 ಯುನಿಟ್ ಕರೆಂಟಿನ ಒಳಗೆ, 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ. "ಜಿಎಸ್‌ಟಿ ಕಾಗದದಲ್ಲಿ ಈ ವಿಳಾಸ ಬಂದರೆ ಮೀಟರ್ ಕಮರ್ಷಿಯಲ್ ಮಾಡ್ತಾರೆ" ಎಂಬ ಹೆದರಿಕೆ ನೋಂದಣಿಯನ್ನು ತಡೆಯಬಲ್ಲದು. ಯುನಿಟ್ ಮನೆಯಲ್ಲೇ ಇದೆಯೋ, ಮುಂಡರಗಿ ಅಪ್ಯಾರಲ್ ಪಾರ್ಕಿನಂಥ ಬೇರೆ ಜಾಗದಲ್ಲಿದೆಯೋ, ಮೀಟರ್ ಯಾವ ಬಗೆಯದು, ಇದನ್ನು ತಪ್ಪದೆ ಬರೆದುಕೊಳ್ಳಿ.

ಮಸ್ಕಿ_ಸರ್ವೆ

ಬಿಪಿಎಲ್ ಅನುಮಾನಕ್ಕೆ ಉತ್ತರ ಸುಲಭ. ಕಾರ್ಡಿನ ಅರ್ಹತೆ ಇಡೀ ಕುಟುಂಬದ್ದು: ಆದಾಯ 1.2 ಲಕ್ಷ ದಾಟಬಾರದು, ತೆರಿಗೆ ಕಟ್ಟುವವರಿರಬಾರದು ಇತ್ಯಾದಿ. ಯಜಮಾನಿ ತಾಯಿಯಾಗಲಿ ಹೆಂಡತಿಯಾಗಲಿ, ಕಾರ್ಡ್ ಹೋಗುವ ಭಯ ಎರಡೂ ಮನೆಗೆ ಒಂದೇ. ಹಾಗಾಗಿ ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗುತ್ತದೆ. ಎಪಿಎಲ್ ಕಾರ್ಡಿನವರಿಗೂ ಗೃಹಲಕ್ಷ್ಮಿ ಇದೆ, ಅಲ್ಲಿ ಈ ಭಯವೇ ಇಲ್ಲ. ಅವರನ್ನು ಬೇರೆಯಾಗಿಯೂ ಒಮ್ಮೆ ನೋಡಿ. ಆದರೆ ಹಿರಿಯ ಹೆಂಗಸೇ ಯಜಮಾನಿ ಎಂಬ ಕಾಯ್ದೆ ಎಪಿಎಲ್ ಕಾರ್ಡಿಗೆ ಅನ್ವಯಿಸುವುದಿಲ್ಲ, ಅಲ್ಲಿ ಕಾರ್ಡ್ ಕೈಗೆ ತೆಗೆದುಕೊಂಡು ನೋಡಿಯೇ ಬರೆಯಬೇಕು.

ನನ್ನ ತಕರಾರು ಬೇರೆ ಕಡೆ ಇದೆ. ತುಂಗಭದ್ರಾ ಅವರ ವಿಧಾನ ನಿಂತಿರುವುದು ಆದೇಶದಲ್ಲಿರುವ ನಿಯಮದ ಮೇಲೆ. ಜನ ನಡೆಯುವುದು ತಾವು ನಂಬಿದ ನಿಯಮದ ಮೇಲೆ. "ಮನೇಲಿ ಯಾರಿಗೇ ಜಿಎಸ್‌ಟಿ ಇದ್ರೂ ದುಡ್ಡು ಬರಲ್ಲ" ಅಂತ ತಾಯಿ-ಯಜಮಾನಿ ಮನೆಯವನೂ ನಂಬಿದ್ದರೆ ಅವನೂ ಹಿಂಜರಿಯುತ್ತಾನೆ. ಆಗ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣದೆ, ಪರಿಣಾಮವೇ ಇಲ್ಲ ಎಂದು ನೀವು ತಪ್ಪಾಗಿ ಬರೆಯುತ್ತೀರಿ. ಅದಕ್ಕೆ ನಂಬಿಕೆಯನ್ನೂ ಅಳೆಯಿರಿ, ಅದೂ ಸ್ವಂತ ಮನೆಯ ಮೇಲೆ ಕೇಳದೆ, ಬೇರೆಯವರ ಮನೆಯ ಉದಾಹರಣೆ ಕೊಟ್ಟು: "ಒಂದು ಮನೇಲಿ ತಾಯಿ ಹೆಸರಲ್ಲಿ ಕಾರ್ಡ್ ಐತಿ. ಮಗ ಜಿಎಸ್‌ಟಿ ಮಾಡಿಸ್ತಾನ. ತಾಯಿಗೆ ಎರಡು ಸಾವಿರ ಬರತೈತೋ, ನಿಲ್ಲತೈತೋ?" ಆಮೇಲೆ ಇದೇ ಪ್ರಶ್ನೆ ಹೆಂಡತಿ ಹೆಸರಿನ ಕಾರ್ಡಿಗೆ. ಎರಡಕ್ಕೂ "ನಿಲ್ಲತೈತಿ" ಅಂದವರು ಎಷ್ಟು ಜನ ಎಂದು ಗೊತ್ತಾದರೆ ನಿಮ್ಮ ಅಂದಾಜು ಎಷ್ಟು ತಗ್ಗಿದೆ ಎಂದು ಹೇಳಬಹುದು. ಈ ಪ್ರಶ್ನೆ ವಹಿವಾಟಿನ ಪ್ರಶ್ನೆಗಿಂತ ಮೊದಲು ಬರಲಿ. ದುಡ್ಡಿನ ಮಾತು ಬಂದ ಮೇಲೆ ಜನ ಬಿಗಿಯಾಗುತ್ತಾರೆ.

ವಹಿವಾಟನ್ನು ಲಕ್ಷದಲ್ಲಿ ಕೇಳಲೇಬೇಡಿ. ಎಷ್ಟು ಮಷೀನ್, ಎಷ್ಟು ಜನ ಟೈಲರ್‌ಗಳು, ಹೋದ ವಾರ ಎಷ್ಟು ಪೀಸ್ ಹೋಯಿತು, ಪೀಸ್ ರೇಟ್ ಎಷ್ಟು, ವರ್ಷದಲ್ಲಿ ಕೆಲಸ ಇಲ್ಲದ ತಿಂಗಳು ಯಾವುವು. ಇವನ್ನು ಗುಣಿಸಿದರೆ ವಹಿವಾಟು ಬರುತ್ತದೆ, ಕೇಳಿಸಿಕೊಂಡವರಿಗೆ ತೆರಿಗೆಯ ಲೆಕ್ಕ ಕೊಟ್ಟೆ ಎಂಬ ಅಳುಕೂ ಬರುವುದಿಲ್ಲ. ಲಾಟ್ ಬರೆದಿಡುವ ಪುಸ್ತಕ ತೋರಿಸಿದರೆ ನಾಲ್ಕು ವಾರದ ಪೀಸ್ ಎಣಿಸಿಕೊಳ್ಳಿ, ಒಂದೇ ವಾರ ನಂಬಬೇಡಿ. ಹಬ್ಬದ ಮುಂದಿನ ವಾರ ಕೇಳಿದರೆ ಎರಡು ಪಟ್ಟು ಕಾಣುತ್ತದೆ.

ಇನ್ನು 200 ಸಾಕೇ? ಸಾಲದು. ಒಂದು ಗುಂಪಿನಲ್ಲಿ ಶೇ 30, ಇನ್ನೊಂದರಲ್ಲಿ ಶೇ 40 ನೋಂದಣಿ ಇದೆ ಎಂದುಕೊಳ್ಳಿ. ಈ 10 ಅಂಶದ ಅಂತರವನ್ನು ಶೇ 80 ಶಕ್ತಿಯೊಂದಿಗೆ (ಅಂತರ ನಿಜವಾಗಿದ್ದರೆ ಹಿಡಿಯುವ ಸಾಧ್ಯತೆ), ಶೇ 5 ಮಟ್ಟದಲ್ಲಿ (ಇಲ್ಲದ ಅಂತರ ಇದೆ ಎನ್ನುವ ಅಪಾಯ) ಹಿಡಿಯಲು ಪ್ರತಿ ಗುಂಪಿಗೆ ಸುಮಾರು 350 ಬೇಕು. ಗುಂಪಿಗೆ 100 ಇದ್ದರೆ 19 ಅಂಶಕ್ಕಿಂತ ಕಡಿಮೆಯ ಅಂತರ ನಿಮಗೆ ಕಾಣುವುದಿಲ್ಲ. ಅದರ ಮೇಲೆ ಒಂದೇ ಓಣಿಯವರು ಒಂದೇ ಥರ ನಡೆಯುತ್ತಾರೆ, ಅವರ ಲೆಕ್ಕ ನೋಡಿಕೊಳ್ಳುವ ಆಡಿಟರ್ ಕೂಡ ಒಬ್ಬರೇ ಇರುತ್ತಾರೆ. ಓಣಿಗೆ 20 ಯುನಿಟ್ ತೆಗೆದುಕೊಂಡು, ಒಳಹೋಲಿಕೆ (ಒಂದೇ ಓಣಿಯವರು ಎಷ್ಟು ಒಂದೇ ಥರ ಎಂಬ ಅಳತೆ) 0.05 ಎಂದರೆ ಸ್ಯಾಂಪಲ್ 1.95 ಪಟ್ಟು ಆಗಬೇಕು. ಓಣಿಗೆ 6 ತೆಗೆದುಕೊಂಡು ಓಣಿಗಳನ್ನೇ ಹೆಚ್ಚಿಸಿದರೆ 1.25 ಪಟ್ಟಿಗೆ ಇಳಿಯುತ್ತದೆ. ಎಂ.ಎ. ಪ್ರಬಂಧಕ್ಕೆ 700 ಯುನಿಟ್ ಆಗದ ಮಾತು ಎಂದು ಗೊತ್ತು. ಹಾಗಿದ್ದರೆ ವಹಿವಾಟಿನ ದೊಡ್ಡ ಪ್ರಶ್ನಾವಳಿಯನ್ನು 200 ಮಂದಿಗೆ ಇಟ್ಟುಕೊಂಡು, ಐದೇ ಪ್ರಶ್ನೆಯ ಸಣ್ಣ ಹಾಳೆಯನ್ನು ಉಳಿದವರಿಗೆ ಮಾಡಿ: ಮಾಲೀಕನ ವಯಸ್ಸು, ಕಾರ್ಡಿನ ಯಜಮಾನಿ ಯಾರು, ಕಾರ್ಡ್ ಬಗೆ, ಜಿಎಸ್‌ಟಿ ಇದೆಯೇ, ಇದ್ದರೆ ಯಾವ ತಿಂಗಳಿನದು.

ಗುಟ್ಟಿನ ವಿಷಯ ಕೇಳಲು ಲಿಸ್ಟ್ ಪ್ರಯೋಗ (ಪಟ್ಟಿಯಲ್ಲಿ ಎಷ್ಟು ಮಾತು ತಮಗೆ ಹೊಂದುತ್ತವೆ ಎಂದು ಮಾತ್ರ ಕೇಳಿ, ಯಾವುವು ಎಂದು ಕೇಳದ ವಿಧಾನ) ಮಾಡೋಣ ಎಂದು ಯಾರಾದರೂ ಹೇಳಬಹುದು. ಇಷ್ಟು ಸಣ್ಣ ಸ್ಯಾಂಪಲ್‌ನಲ್ಲಿ ಅದರ ಅಂದಾಜು ತೀರಾ ಅಗಲವಾಗಿ ಹರಡಿಕೊಳ್ಳುತ್ತದೆ, ಏನೂ ಸಿಗುವುದಿಲ್ಲ.

ತುಂಗಭದ್ರಾ_ದಂಡೆ

ಮಸ್ಕಿಯವರ ನಂಬಿಕೆಯ ಮಾತು ಪೂರ್ತಿ ಒಪ್ಪುತ್ತೇನೆ, ನಾನು ಅದನ್ನು ಬಿಟ್ಟದ್ದು ತಪ್ಪು. ಕೆಲವು ಸೇರಿಸುತ್ತೇನೆ.

ತಾಯಿ ಇರುವ ಮನೆ, ಇಲ್ಲದ ಮನೆ ಎಂಬ ಭೇದ ಮಾಲೀಕನ ವಯಸ್ಸಿನ ಜೊತೆ ಅಂಟಿಕೊಂಡಿದೆ. ಚಿಕ್ಕ ವಯಸ್ಸಿನವರಿಗೆ ತಾಯಿ ಇರುವ ಸಾಧ್ಯತೆ ಹೆಚ್ಚು, ಮೊಬೈಲ್‌ನಲ್ಲಿ ಬಿಲ್ ಮಾಡುವ ರೂಢಿಯೂ ಹೆಚ್ಚು. ವಯಸ್ಸನ್ನು ಐದೈದು ವರ್ಷದ ಗುಂಪು ಮಾಡಿ, ಗುಂಪಿನೊಳಗೇ ಹೋಲಿಸಿ. ತಂದೆಯೂ ಬದುಕಿದ್ದು ಜಿಎಸ್‌ಟಿ ಅವರ ಹೆಸರಲ್ಲೇ ಇದ್ದರೆ ತಾಯಿಯ ಹಣವೂ ನಿಲ್ಲುತ್ತದೆ, ಆ ಮನೆ ತಾಯಿ-ಗುಂಪಿಗೆ ಸೇರುವುದಿಲ್ಲ. ಯಜಮಾನಿ ಯಾರು ಎಂಬುದನ್ನು ಇವತ್ತಿನ ಕಾರ್ಡಿನಿಂದ ಬರೆಯಬೇಡಿ, 2023ರ ಮೇ ತಿಂಗಳಲ್ಲಿ ಯಾರಿದ್ದರು ಎಂದು ಬರೆಯಿರಿ. ಆಮೇಲೆ ಹೆಸರು ಬದಲಿಸಿಕೊಂಡವರು ಷರತ್ತು ನೋಡಿಯೇ ಬದಲಿಸಿಕೊಂಡಿರಬಹುದು.

ಕಾಲದ ಗೆರೆ ಹೀಗೆ ಎಳೆಯಿರಿ. ಷರತ್ತು ಹೊರಬಿದ್ದದ್ದು 2023ರ ಜೂನ್‌ನಲ್ಲಿ, ಅರ್ಜಿ ಶುರುವಾದದ್ದು ಜುಲೈ 19ಕ್ಕೆ, ಮೈಸೂರಿನಲ್ಲಿ ಚಾಲನೆ ಸಿಕ್ಕಿದ್ದು ಆಗಸ್ಟ್ 30ಕ್ಕೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳು ಬಿಟ್ಟುಬಿಡಿ. ಮುಂಚಿನ ಅವಧಿಯನ್ನು 2019ರ ಏಪ್ರಿಲ್‌ನಿಂದ ಹಿಡಿಯಬಹುದು, ಆದರೆ ಕೊರೊನಾ ವರ್ಷಗಳನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಮಾಡಿ ತೋರಿಸಿ. ನಂತರದ ಅವಧಿ 2025ರ ಜೂನ್‌ಗೆ ಮುಗಿಯಲಿ. ಆ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ರಾಜ್ಯದ ತುಂಬ ಹಲವರು ಕ್ಯೂಆರ್ ಕೋಡ್ ತೆಗೆದು ನಗದಿಗೆ ಹೋದರು. ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5, ಅದಕ್ಕಿಂತ ಮೇಲಕ್ಕೆ ಶೇ 18 ಆಯಿತು, ಮುಂಚೆ ಆ ಗಡಿ 1,000 ಇತ್ತು. ಆ ತಿಂಗಳುಗಳ ನೋಂದಣಿಯಲ್ಲಿ ಯಾವುದರ ಕೈವಾಡ ಎಷ್ಟು ಎಂದು ಬಿಡಿಸುವುದು ಯಾರಿಂದಲೂ ಆಗದು.

ಕೊನೆಯದು ನನಗೆ ಬಹಳ ಮುಖ್ಯ ಅನ್ನಿಸುವುದು. 24,000 ಬರುವುದು ಹೆಂಡತಿಯ ಖಾತೆಗೆ, ನೋಂದಣಿ ನಿರ್ಧಾರ ಬಹುಪಾಲು ಗಂಡನದು. ಮನೆಯ ದುಡ್ಡೆಲ್ಲ ಒಂದೇ ಚೀಲ ಎಂದು ಲೆಕ್ಕ ಮಾಡಿ ಬಂದ ಉತ್ತರಕ್ಕಿಂತ ನಿಜವಾದ ಹಿಂಜರಿಕೆ ಕಡಿಮೆ ಇದ್ದರೆ, ಅದು ಷರತ್ತು ಸೌಮ್ಯ ಎಂದಲ್ಲ, ಆಕೆಯ ನಷ್ಟವನ್ನು ಅವನು ಪೂರ್ತಿ ಎಣಿಸಲಿಲ್ಲ ಎಂದಿರಬಹುದು. ಅದಕ್ಕೆ ಹೆಂಡತಿಯನ್ನು ಬೇರೆಯಾಗಿ, ಗಂಡ ಎದುರಿಗಿಲ್ಲದಾಗ, ಹೆಣ್ಣುಮಗಳೇ ಹೋಗಿ ಕೇಳಬೇಕು: ಆ ಹಣ ಯಾವುದಕ್ಕೆ ಹೋಗುತ್ತದೆ, ಜಿಎಸ್‌ಟಿ ಮಾಡಿಸುವ ಮೊದಲು ನಿಮ್ಮನ್ನು ಕೇಳಿದ್ದರೇ? ಹೆಂಡತಿಯೇ ಮಷೀನ್ ಹಾಕಿಕೊಂಡು ತನ್ನ ಹೆಸರಲ್ಲಿ ಯುನಿಟ್ ನಡೆಸುವ ಮನೆಗಳಲ್ಲಿ ನಿರ್ಧಾರವೂ ನಷ್ಟವೂ ಒಬ್ಬಳದೇ. ಅಂಥ 30 ಮನೆ ಸಿಕ್ಕರೂ ಬಿಡಬೇಡಿ. ಅಂಕಿಅಂಶದ ಪರೀಕ್ಷೆಗೆ ಅಷ್ಟು ಸಾಲದಿದ್ದರೂ, ಉಳಿದ ಕೋಷ್ಟಕಗಳನ್ನು ಹೇಗೆ ಓದಬೇಕೆಂದು ತಿಳಿಯುವುದು ಅವರ ಉತ್ತರಗಳಿಂದಲೇ.

ಚಲನ್_ಪುಸ್ತಕ

ಒಂದು ಎಚ್ಚರಿಕೆ ಮಾತ್ರ, ಮೇಡಂ. ಜಿಎಸ್‌ಟಿ ನಂಬರಿನ ಒಳಗೇ ಪ್ಯಾನ್ ಇದೆ, ಪೋರ್ಟಲ್‌ನಲ್ಲಿ ಮಾಲೀಕರ ಹೆಸರೂ ಬರುತ್ತದೆ. ಗಡಿ ದಾಟಿಯೂ ನೋಂದಣಿ ಮಾಡಿಸದವರ ಪಟ್ಟಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದರೆ ಅದು ಅವರಿಗೆ ಅಪಾಯ. ದಿನಾಂಕ ಮತ್ತು ಸ್ಥಿತಿ ಬರೆದುಕೊಂಡ ದಿನವೇ ನಂಬರ್ ಅಳಿಸಿ, ಯುನಿಟ್‌ಗೆ ಕ್ರಮಸಂಖ್ಯೆ ಕೊಡಿ. ಕಾಗದದ ಹಾಳೆಯಲ್ಲಿ ಓಣಿಯ ಹೆಸರು ಮತ್ತು ಮಷೀನ್ ಸಂಖ್ಯೆ ಒಟ್ಟಿಗೆ ಬೇಡ. 14 ಮಷೀನ್ ಇರುವ ಯುನಿಟ್ ಒಂದು ಓಣಿಯಲ್ಲಿ ಒಂದೇ ಇರುತ್ತದೆ, ಹೆಸರು ಇಲ್ಲದಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ.